ಗಾಡಿಯವನ ಮಾತು ಪ್ರಮಾಣವೇ?

ಪೇಟೆಯ ಬೀದಿಯಲ್ಲಿ ಎರಡು ಮೋಟಾರುಗಳು ಒಂದಕ್ಕೊಂದು ತಗುಲಿ, ಒಂದರ ದೀಪವೋ ಇನ್ನೊಂದರ ಬಾಗಿಲೋ ಜಖಂ ಆದಾಗ ಮೊದಲು ಹುಟ್ಟುವುದು ಮಾತು. ಯಾರಿಗೂ ಪೆಟ್ಟಾಗಿಲ್ಲವೆಂದು ತಿಳಿದೊಡನೆಯೇ ಇಬ್ಬರೂ ಕೆಳಗಿಳಿಯುವರು. “ತಪ್ಪು ನನ್ನದೇ ಸ್ವಾಮಿ, ರಿಪೇರಿಗೆ ಎಷ್ಟಾದರೂ ಕೊಡುತ್ತೇನೆ, ಪೋಲೀಸಿನವರೆಗೆ ಹೋಗುವುದು ಬೇಡ” ಎಂದು ಒಬ್ಬನು ಹೇಳುವನು. ಇನ್ನೊಬ್ಬನು ಅದನ್ನು ನಂಬಿ ಟೆಲಿಫೋನಿನ ಸಂಖ್ಯೆಯನ್ನು ಬರೆದುಕೊಂಡು ಹೊರಡುವನು. ಮೂರನೆಯ ದಿನ ಅದೇ ಮನುಷ್ಯನು “ನಾನು ಹಾಗೆ ಹೇಳಲೇ ಇಲ್ಲ; ನಿಮ್ಮ ಗಾಡಿಯೇ ಬಂದು ತಗುಲಿತು” ಎಂದರೆ ಮಾಡುವುದೇನು? ಇಂತಹ ಸಂದರ್ಭದಲ್ಲಿ ಜನರು ಕಾಲವನ್ನು ಹಳಿಯುವುದುಂಟು; ಹಿಂದಿನವರ ಮಾತು ಮಾತಾಗಿತ್ತು, ಈಗ ಕಲಿ ಬಲಿತಿದೆ ಎಂದು ನಿಟ್ಟುಸಿರು ಬಿಡುವುದುಂಟು. ಆದರೆ ಹಿಂದಿನವರು ಈ ವಿಷಯದಲ್ಲಿ ಏನು ಬರೆದಿಟ್ಟಿದ್ದಾರೆಂಬುದನ್ನು ನೋಡಿದವರು ಹೀಗೆ ಹೇಳಲಾರರು. ಡಿಕ್ಕಿಯಾದ ಮೇಲೆ ಗಾಡಿ ಹೊಡೆಯುವವನು ಆಡುವ ಮಾತನ್ನು ಯಾವ ಕಾಲದ ಧರ್ಮಾಸನವೂ ಹಾಗೆಯೇ ನಂಬಿದುದಿಲ್ಲ. ನಂಬದಿದ್ದರೂ ಅವನನ್ನು ಸುಳ್ಳುಗಾರನೆಂದು ಕರೆಯದಿರುವ ಒಂದು ದಾರಿಯನ್ನು ನಮ್ಮ ಶಾಸ್ತ್ರಕಾರರು ಕಂಡುಕೊಂಡಿದ್ದರು. ಆ ದಾರಿ ಯಾವುದು, ಮುಂದೆ ಅದು ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯವು ವ್ಯವಹಾರಕ್ಕೆ ಮೀಸಲಾದುದು. ಅದರಲ್ಲಿ ದಂಡಪಾರುಷ್ಯದ ಪ್ರಕರಣದಲ್ಲಿ ವಾಹನದಿಂದಾಗುವ ಹಿಂಸೆಯ ಮಾತು ಬರುತ್ತದೆ. ಅದಕ್ಕೂ ಸ್ವಲ್ಪ ಮೊದಲೇ ಒಂದು ಸಾಮಾನ್ಯ ವಿಧಿಯುಂಟು. ಒಬ್ಬನ ವಸ್ತುವನ್ನು ಇನ್ನೊಬ್ಬನು ತಿಳಿದು ಕೆಡಿಸಲಿ, ತಿಳಿಯದೆ ಕೆಡಿಸಲಿ, ಒಡೆಯನಿಗೆ ತುಷ್ಟಿಯನ್ನುಂಟುಮಾಡಬೇಕು. ರಾಜನಿಗೆ ಅಷ್ಟೇ ಬೆಲೆಯ ದಂಡವನ್ನು ತೆರಬೇಕು. ತಿಳಿದೋ ತಿಳಿಯದೆಯೋ ಎಂಬ ಈ ಮಾತನ್ನು ವಾಚಕರು ಗಮನಿಸಬೇಕು. ಸಣ್ಣಪುಟ್ಟ ನಷ್ಟದಲ್ಲಿ ಮಾಡಿದವನ ಮನಸ್ಸಿನಲ್ಲಿ ಏನಿತ್ತೆಂದು ಕೆದಕುವ ಗೋಜಿಗೆ ಮನು ಹೋಗುವುದಿಲ್ಲ. ಕೆದಕಿದರೆ ಮತ್ತೆ ಅವನ ಮಾತನ್ನೇ ಕೇಳಬೇಕಾಗುತ್ತದೆಯಷ್ಟೆ.

ಆಮೇಲೆ ಬರುವುದು ದಂಡವಿಲ್ಲದ ಹತ್ತು ಸಂದರ್ಭಗಳ ಪಟ್ಟಿ. ಎತ್ತಿನ ಮೂಗುದಾರ ಕಡಿದಿರುವುದು, ನೊಗ ಮುರಿದಿರುವುದು, ಗಾಡಿ ಅಡ್ಡಲಾಗಿ ತಿರುಗಿರುವುದು, ಹಿಮ್ಮುಖವಾಗಿ ಸರಿದಿರುವುದು, ಇರುಸು ಮುರಿದಿರುವುದು, ಗಾಲಿ ಒಡೆದಿರುವುದು, ಕಟ್ಟಿದ ಮಿಣಿ ಹರಿದಿರುವುದು, ಕೊರಳ ಹಗ್ಗ ಹರಿದಿರುವುದು, ಕಡಿವಾಣದ ಹುರಿ ಹರಿದಿರುವುದು, ಇವು ಒಂಬತ್ತು. ಹತ್ತನೆಯದು, ಗಾಡಿಯವನು “ಅಪೇಹಿ” ಎಂದು, ಎಂದರೆ “ತೊಲಗು, ಅತ್ತ ಸರಿ” ಎಂದು, ಕೂಗಿ ಎಚ್ಚರಿಸಿರುವುದು. ಈ ಹತ್ತರಲ್ಲಿ ಯಾವುದಾದರೂ ಒಂದಿದ್ದರೆ ಗಾಡಿಗೂ ಹೊಡೆಯುವವನಿಗೂ ಒಡೆಯನಿಗೂ ದೋಷವಿಲ್ಲ. ಮಿಕ್ಕ ಕಡೆ ದಂಡವುಂಟು.

ಈ ಪಟ್ಟಿಯನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದೆವು; ಗುರುಗಳು ಪದಾರ್ಥವನ್ನು ಹೇಳಿಕೊಟ್ಟರು. ಆದರೆ ಇದರ ರಚನೆಯಲ್ಲಿರುವ ಜಾಣತನವು ಹೊಳೆಯುವುದಕ್ಕೆ ವಯಸ್ಸಾಗಬೇಕಾಯಿತು. ಗಾಡಿಯವನು ನಡೆದುದನ್ನು ಹೇಗೆ ಹೇಳುತ್ತಾನೆಂಬ ಪ್ರಶ್ನೆಯೇ ಪಟ್ಟಿಯಲ್ಲಿಲ್ಲ. “ನಾನು ಮೆಲ್ಲಗೆ ಬರುತ್ತಿದ್ದೆ”, “ಅವನೇ ಅಡ್ಡ ಬಂದನು”, “ಎತ್ತು ಬೆದರಿತು” ಎಂಬ, ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಾಧಾರಣವಾದ ಮೂರು ಸಮಾಧಾನಗಳಿಗೆ ಅಲ್ಲಿ ಎಡೆಯೇ ಇಲ್ಲ. ಮೊದಲ ಒಂಬತ್ತು ಮರದ ಮೇಲೆ, ತೊಗಲಿನ ಮೇಲೆ, ದಾರಿಯ ಮಣ್ಣಿನ ಮೇಲೆ ಕಣ್ಣಿಗೆ ಕಾಣುವ ಗುರುತುಗಳು. ಮುರಿದ ಇರುಸು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹತ್ತನೆಯದು ಮಾತೇನೋ ನಿಜ. ಆದರೆ ಅದು ಡಿಕ್ಕಿಗೆ ಮುಂಚಿನ ಮಾತು, ಬೀದಿಯಲ್ಲಿದ್ದವರ ಕಿವಿಗೆಲ್ಲ ಬಿದ್ದ ಮಾತು. ಲಾಭನಷ್ಟದ ಲೆಕ್ಕ ಹುಟ್ಟುವುದಕ್ಕೆ ಮೊದಲೇ ಬಾಯಿಂದ ಹೊರಟ ಆ ಕೂಗಿಗೆ ಶಾಸ್ತ್ರವು ಬೆಲೆ ಕೊಟ್ಟಿತು. ಲೆಕ್ಕ ಹುಟ್ಟಿದ ಮೇಲೆ ಹೇಳಿದ ವೃತ್ತಾಂತಕ್ಕೆ ಕೊಡಲಿಲ್ಲ.

ಕೌಟಲ್ಯನ ಅರ್ಥಶಾಸ್ತ್ರದಲ್ಲಿಯೂ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದ ಕೊನೆಯಲ್ಲಿ ಇಂತಹದೇ ವಿಧಿಯುಂಟು. (ಶತಮಾನಗಳ ಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರೆಂಬುದನ್ನು ಕನ್ನಡಿಗರು ಮರೆಯಲಾಗದು.) ಕೌಟಲ್ಯನು ಮೂಗುದಾರ, ನೊಗಗಳ ಜೊತೆಗೆ ಇನ್ನೊಂದನ್ನು ಸೇರಿಸುವನು. ಗಾಡಿ, ಪಶು, ಮನುಷ್ಯರು ಒತ್ತೊತ್ತಾಗಿ ಸೇರಿದ ಇಕ್ಕಟ್ಟಿನಲ್ಲಿ ಆದ ಹಿಂಸೆಗೂ ದಂಡವಿಲ್ಲ. ಪಟ್ಟಣದ ಬೀದಿಯನ್ನು ಕಣ್ಣಾರೆ ಕಂಡವನ ಮಾತಿದು. ಹೊಡೆಯುವವನು ಪ್ರಾಯಕ್ಕೆ ಬಾರದ ಹುಡುಗನಾದರೆ ಗಾಡಿಯಲ್ಲಿ ಕುಳಿತಿರುವ ಒಡೆಯನಿಗೆ ದಂಡ. ಒಡೆಯನಿಲ್ಲದಿದ್ದರೆ ಕುಳಿತಿರುವವನಿಗೆ ದಂಡ. ಹುಡುಗನ ಕೈಯಲ್ಲಿ ಬಿಟ್ಟ ಗಾಡಿಯನ್ನು ರಾಜನು ವಶಪಡಿಸಿಕೊಳ್ಳಬೇಕು. 2019ರಲ್ಲಿ ನಮ್ಮ ಮೋಟಾರು ವಾಹನಗಳ ಶಾಸನವನ್ನು ತಿದ್ದಿದಾಗ, ಬಾಲಕನು ವಾಹನ ನಡಸಿ ಅಪರಾಧ ಮಾಡಿದರೆ ಪೋಷಕನಿಗೂ ಒಡೆಯನಿಗೂ ಶಿಕ್ಷೆಯೆಂದು ಹೊಸ ಕಲಮನ್ನು ಸೇರಿಸಿದರು. ಪತ್ರಿಕೆಗಳು ಅದನ್ನು ಅಪೂರ್ವವಾದ ವಿಧಿಯೆಂಬಂತೆ ಬಣ್ಣಿಸಿದವು!

ಮನುವಿನಲ್ಲಿಯೂ ದಂಡ ಯಾರಿಗೆಂಬ ವಿಚಾರವು ಸ್ವಾರಸ್ಯವಾಗಿದೆ. ಸಾರಥಿಗೆ ಅವನು ‘ಪ್ರಾಜಕ’ನೆಂಬ ಶಬ್ದವನ್ನು ಹೇಳುವನು. ಪ್ರಾಜಕನ ಅಕುಶಲತೆಯಿಂದ ಗಾಡಿ ದಾರಿ ತಪ್ಪಿ ಹಿಂಸೆಯಾದರೆ ಒಡೆಯನಿಗೆ 200 ಪಣ. ಪ್ರಾಜಕನು ‘ಆಪ್ತ’ನಾಗಿದ್ದರೆ, ಎಂದರೆ ಕೆಲಸ ಬಲ್ಲವನಾಗಿದ್ದರೆ, ದಂಡ ಅವನಿಗೇ. ಅವನು ಆಪ್ತನಲ್ಲದಿದ್ದರೆ ಒಳಗೆ ಕುಳಿತವರೆಲ್ಲರಿಗೂ ತಲಾ 100 ಪಣ. ಅಂತಹವನ ಗಾಡಿಯನ್ನು ಹತ್ತಿದುದೇ ತಪ್ಪೆಂದು ಭಾವ. ಸತ್ತುದು ಕತ್ತೆ, ಕುರಿ, ಆಡುಗಳಾದರೆ 5 ಮಾಷ. ನಾಯಿ, ಹಂದಿಯಾದರೆ 1 ಮಾಷ.

ಇಲ್ಲಿ ಬಂದ ‘ಆಪ್ತ’ ಎಂಬ ಶಬ್ದದ ಬಳಿ ಸ್ವಲ್ಪ ನಿಲ್ಲುವೆನು. ನಮ್ಮ ಪ್ರಶ್ನೆಯೆಲ್ಲವೂ ಅದರಲ್ಲಿ ಅಡಗಿದೆ. ಗಾಡಿಯ ವಿಧಿಯಲ್ಲಿ ಆಪ್ತನೆಂದರೆ ನಿಪುಣನು. ಅದೇ ಅಧ್ಯಾಯದಲ್ಲಿ ಯಾರನ್ನು ಸಾಕ್ಷಿಯಾಗಿ ಕರೆಯಬಾರದೆಂದು ಹೇಳುವಾಗ, ಆ ಅರ್ಥದಲ್ಲಿ ಸಂಬಂಧವಿರುವವನು, ಶತ್ರು ಮೊದಲಾದವರ ಸಾಲಿನಲ್ಲಿ ‘ಆಪ್ತ’ರನ್ನೂ ಸೇರಿಸಿದೆ, ಅಲ್ಲಿ ಆಪ್ತನೆಂದರೆ ನಂಟನು, ಗೆಳೆಯನು. ನ್ಯಾಯಶಾಸ್ತ್ರಕ್ಕೆ ಹೋದರೆ ಗೌತಮನು ಶಬ್ದಪ್ರಮಾಣವನ್ನು ಆಪ್ತನ ಮಾತೆಂದೇ ಲಕ್ಷಣಿಸಿದ್ದಾನೆ. ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯದಲ್ಲಿ, ವಿಷಯವನ್ನು ತಾನೇ ನೇರವಾಗಿ ತಿಳಿದವನು, ಮತ್ತು ತಿಳಿದುದನ್ನು ಇದ್ದಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಋಷಿಯೇ ಆಗಬೇಕೆಂದಿಲ್ಲ, ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ಅವನು ಧಾರಾಳವಾಗಿ ಹೇಳುತ್ತಾನೆ. ಬೀದಿಯಲ್ಲಿ ನಿಂತ ಗಾಡಿಯವನನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿರಿ. ಅವನು ಕೈಕೆಲಸದಲ್ಲಿ ಆಪ್ತನಾಗಿರಬಹುದು. ಆದರೆ ಡಿಕ್ಕಿಯ ಕ್ಷಣದಲ್ಲಿ ಅವನ ಕಣ್ಣು ಎತ್ತಿನ ಮೇಲಿತ್ತೋ, ಪಕ್ಕದ ಹೊಂಡದ ಮೇಲಿತ್ತೋ. ನಡೆದುದನ್ನು ಪೂರ್ತಿಯಾಗಿ ಕಂಡವನಲ್ಲ. ಇನ್ನು ಇದ್ದಂತೆಯೇ ತಿಳಿಸುವ ಇಚ್ಛೆಗೆ ಗಂಟಿನ ಭಯ ಅಡ್ಡಬರುತ್ತದೆ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕಂಡವನಾದರೋ ಎರಡನೆಯ ಅರ್ಥದಲ್ಲಿ ಆಪ್ತನು. ಆದುದರಿಂದಲೇ ಸಾಕ್ಷಿಗೆ ಅನರ್ಹನು. ಹೀಗೆ ನ್ಯಾಯಾಧಿಕಾರಿಗೆ ಕೊನೆಯಲ್ಲಿ ಉಳಿಯುವುದು ಮುರಿದ ಇರುಸೊಂದೇ.

ಇನ್ನು ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನ ಕಡೆಗೆ ಬರೋಣ. ಈಗ ಬೀದರ ಜಿಲ್ಲೆಯ ಬಸವಕಲ್ಯಾಣವೆಂದು ಕರೆಯುವ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಅವನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಕೋಲ್‌ಬ್ರೂಕನು 1810ರಲ್ಲಿ ಅದರ ದಾಯಭಾಗವನ್ನು ಇಂಗ್ಲೀಷಿಗೆ ತಂದ ಮೇಲೆ ವಕೀಲರ ಮನೆಗಳಲ್ಲಿ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲುವಾರಿಕೆ ಎಂದೇ ಹೆಸರಾಯಿತು. ಪಾಲಿನ ಗಲಾಟೆಯಲ್ಲಿ ಗಾಡಿಯ ಪ್ರಕರಣವನ್ನು ತೆರೆದು ನೋಡಿದವರು ವಿರಳ. ಯಾಜ್ಞವಲ್ಕ್ಯನೂ ಮೂಗುದಾರ ಕಡಿದ, ನೊಗ ಮುರಿದ, ಹಿಂದಕ್ಕೆ ಸರಿದ ಗಾಡಿಯಿಂದಾದ ಹಿಂಸೆಯಲ್ಲಿ ಒಡೆಯನನ್ನು ಬಿಡುವನು. “ಅಪೇಹಿ” ಎಂದು ಕೂಗಿದವನಿಗೂ ದೋಷವಿಲ್ಲವೆನ್ನುವನು. ಕೋರೆಯ ಅಥವಾ ಕೊಂಬಿನ ಪ್ರಾಣಿಯ ಬಾಯಿಗೆ ಸಿಕ್ಕಿದವನನ್ನು ಬಿಡಿಸಲು ಶಕ್ತನಾಗಿದ್ದೂ ಬಿಡಿಸದ ಒಡೆಯನಿಗೆ ದಂಡವೆಂದು ಹೇಳಿ, ಸಿಕ್ಕಿದವನು ಮೊರೆಯಿಟ್ಟಿದ್ದರೆ ಆ ದಂಡವು ಇಮ್ಮಡಿಯೆನ್ನುವನು. ಕೂಗಿದ ಕೂಗಿಗೆ ಎರಡೂ ಕಡೆ ಬೆಲೆಯುಂಟೆಂದಾಯಿತು.

ವ್ಯವಹಾರಾಧ್ಯಾಯದ ಆರಂಭದಲ್ಲಿ ಇದಕ್ಕಿಂತಲೂ ಮಿಗಿಲಾದ ಒಂದು ವಿಷಯವಿದೆ. ಸುಳ್ಳು ಹೇಳುವವನ ಚಿಹ್ನೆಗಳನ್ನು ಯಾಜ್ಞವಲ್ಕ್ಯನು ವರ್ಣಿಸುತ್ತಾನೆ: ನಿಂತಲ್ಲಿ ನಿಲ್ಲನು, ಅತ್ತಿತ್ತ ಸರಿದಾಡುವನು, ಕಟವಾಯಿಯನ್ನು ನೆಕ್ಕಿಕೊಳ್ಳುವನು, ಹಣೆ ಬೆವರುವುದು, ಮುಖ ಬಣ್ಣಗೆಡುವುದು, ಬಾಯಿ ಒಣಗಿ ಮಾತು ತೊದಲುವುದು, ಹಿಂದೆಮುಂದೆ ಹೊಂದದ ಮಾತನ್ನು ಬಹಳವಾಗಿ ಆಡುವನು. ಡಿಕ್ಕಿಯಾದ ಸ್ಥಳದಲ್ಲಿ ನೆರೆದ ಜನರ ಗುಂಪು ಇಂದಿಗೂ ಇದೇ ಪರೀಕ್ಷೆಯನ್ನು ಮಾಡುತ್ತದೆ. “ನೋಡಿ, ಹೇಗೆ ನಡುಗುತ್ತಾನೆ, ಇವನದೇ ತಪ್ಪು” ಎಂದು ತೀರ್ಪು ಕೊಡುತ್ತದೆ. ಆದರೆ ವಿಜ್ಞಾನೇಶ್ವರನು ಇಲ್ಲಿ ಒಂದು ಎಚ್ಚರಿಕೆಯನ್ನು ಇಡುವನು. ಈ ಚಿಹ್ನೆಗಳಿಂದ ದೋಷವಿರಬಹುದೆಂಬ ಸಂಭಾವನೆ ಮಾತ್ರ ತೋರುವುದೇ ಹೊರತು ದೋಷದ ನಿಶ್ಚಯವಾಗುವುದಿಲ್ಲ; ಸ್ವಭಾವದಿಂದ ಬಂದ ವಿಕಾರ ಯಾವುದು, ಸಂದರ್ಭದಿಂದ ಬಂದುದು ಯಾವುದು ಎಂದು ಬೇರ್ಪಡಿಸುವುದು ಬಹಳ ಕಷ್ಟ ಎಂಬುದು ಅವನ ವಾದದ ಸಾರ. ಗಾಡಿ ಮಗುಚಿ ಬಿದ್ದವನ ಹಣೆ ಬೆವರದೆ ಇನ್ನೇನಾದೀತು? ಒಂಬತ್ತುನೂರು ವರ್ಷಗಳ ಹಿಂದೆ ಕನ್ನಡನಾಡಿನ ರಾಜಧಾನಿಯಲ್ಲಿ ಕುಳಿತು ಈ ಮಾತನ್ನು ಬರೆದವನು ಎಷ್ಟು ವ್ಯಾಜ್ಯಗಳನ್ನು ಕಂಡಿದ್ದನೋ! ನಾನು ಬಹುಕಾಲ ಹುಡುಗರ ನಡುವೆ ಕಳೆದವನು. ಶಾಲೆಯ ಮೂಲೆ ತಿರುಗುವಾಗ ಓಡಿಬಂದ ಇಬ್ಬರು ಹಣೆಗೆ ಹಣೆ ಹೊಡೆದುಕೊಂಡರೆ, ತೊದಲುವವನು ಸಾಮಾನ್ಯವಾಗಿ ನಿಂತಿದ್ದವನು. ನಿರರ್ಗಳವಾಗಿ ವರದಿ ಒಪ್ಪಿಸುವವನು ಓಡುತ್ತಿದ್ದವನು. ಮಿತಾಕ್ಷರಕಾರನಿಗೆ ಇದು ಹೊಸ ವಿಷಯವಾಗುತ್ತಿರಲಿಲ್ಲ.

ಇದರೊಡನೆ ಇನ್ನೂ ಎರಡು ವಿಧಿಗಳನ್ನು ನೋಡಬೇಕು. ಪ್ರತಿವಾದಿಯ ಉತ್ತರವು ನಾಲ್ಕು ಬಗೆಯೆಂದು ಶಾಸ್ತ್ರ: ಒಪ್ಪಿಕೊಳ್ಳುವ ಸಂಪ್ರತಿಪತ್ತಿ, ಇಲ್ಲವೆನ್ನುವ ಮಿಥ್ಯೆ, ಹೌದು ಆದರೆ ಕಾರಣವುಂಟೆನ್ನುವ ಪ್ರತ್ಯವಸ್ಕಂದನ, ಹಿಂದೆಯೇ ತೀರ್ಪಾಗಿದೆಯೆನ್ನುವ ಪ್ರಾಙ್ನ್ಯಾಯ. ಸಾಹಸ, ಕಳವು, ಪಾರುಷ್ಯ ಮೊದಲಾದವುಗಳಲ್ಲಿ ಉತ್ತರವನ್ನು ಕೂಡಲೇ ಹೇಳಿಸಬೇಕು. ಬೇರೆ ವಿಷಯಗಳಲ್ಲಿ ಕಾಲಾವಕಾಶ ಕೊಡಬಹುದು. ಇದು ಮೊದಲನೆಯದು. ಎರಡನೆಯದು ಬೀದಿಬದಿಯ ಒಪ್ಪಂದಕ್ಕೆ ತಟ್ಟುವಂತಹುದು. ಬಲಾತ್ಕಾರದಿಂದ ಅಥವಾ ವಂಚನೆಯಿಂದ ನಡೆದ ವ್ಯವಹಾರ, ರಾತ್ರಿಯಲ್ಲಿ ನಡೆದುದು, ಊರ ಹೊರಗೆ ನಡೆದುದು, ಮತ್ತನೂ ಭೀತನೂ ಮಾಡಿಕೊಂಡುದು ಸಿದ್ಧಿಸುವುದಿಲ್ಲವೆಂದು ಯಾಜ್ಞವಲ್ಕ್ಯನ ಮತ. ಗಾಡಿಯ ಹೆಸರು ಈ ವಚನದಲ್ಲಿಲ್ಲ. ಅದನ್ನು ಡಿಕ್ಕಿಗೆ ಅನ್ವಯಿಸುವುದು ನನ್ನ ಊಹೆ. ಆದರೂ ಊರ ಹೊರಗಿನ ಹೆದ್ದಾರಿ, ಕತ್ತಲು, ಸುತ್ತಲೂ ಮುಗಿಬಿದ್ದ ಹತ್ತು ಮಂದಿ, ನಡುವೆ ನಿಂತು “ಎರಡು ಸಾವಿರ ಕೊಡುತ್ತೇನೆ ಬಿಟ್ಟುಬಿಡಿ” ಎನ್ನುವ ಆಟೋ ಹುಡುಗ. ಇದಕ್ಕಿಂತ ಚೆನ್ನಾಗಿ ಆ ವಚನಕ್ಕೆ ಉದಾಹರಣೆ ಸಿಕ್ಕದು. ಮಾತು ಕೊಟ್ಟು ತಪ್ಪಿದನೆಂದು ನಾವು ದೂರುವವರಲ್ಲಿ ಎಷ್ಟು ಮಂದಿ ಭಯದಿಂದ ಮಾತು ಕೊಟ್ಟವರಿದ್ದಾರೆಂಬುದನ್ನು ಯಾರೂ ಎಣಿಸಿದವರಿಲ್ಲ.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಬಂದುದಲ್ಲ. ರೋಮಿನಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ಆಲ್ಫೇನಸ್ ಎಂಬ ನ್ಯಾಯಶಾಸ್ತ್ರಜ್ಞನ ಅಭಿಪ್ರಾಯವೊಂದನ್ನು, 533ರಲ್ಲಿ ಜಸ್ಟೀನಿಯನ್ ಚಕ್ರವರ್ತಿಯು ಹೊರಡಿಸಿದ ‘ಡೈಜೆಸ್ಟ್’ ಎಂಬ ನ್ಯಾಯಸಂಗ್ರಹದಲ್ಲಿ ಉಳಿಸಿದ್ದಾರೆ. ಕ್ಯಾಪಿಟೋಲ್ ದಿಣ್ಣೆಯನ್ನು ಹೇರಿನ ಎರಡು ಗಾಡಿಗಳು ಏರುತ್ತಿದ್ದವು. ಮುಂದಿನ ಗಾಡಿಯನ್ನು ಹೇಸರಗತ್ತೆಗಳಿಗೆ ಹಗುರವಾಗಲೆಂದು ಆಳುಗಳು ಹಿಂದಿನಿಂದ ಆನಿಸಿ ತಳ್ಳುತ್ತಿದ್ದರು. ಗಾಡಿ ಹಿಂದಕ್ಕೆ ಜಾರತೊಡಗಿತು. ಎರಡು ಗಾಡಿಗಳ ನಡುವೆ ಸಿಕ್ಕಿದ ಆಳುಗಳು ಪಕ್ಕಕ್ಕೆ ಹಾರಿಕೊಂಡರು. ಮುಂದಿನದು ಹಿಂದಿನದಕ್ಕೆ ಬಡಿಯಿತು. ಹಿಂದಿನ ಗಾಡಿ ಕೆಳಕ್ಕೆ ಉರುಳಿ ಒಬ್ಬ ದಾಸಹುಡುಗನ ಮೇಲೆ ಹರಿಯಿತು. ಹುಡುಗನ ಒಡೆಯನು ಯಾರ ಮೇಲೆ ವ್ಯಾಜ್ಯ ಹೂಡಬೇಕು? ಎಲ್ಲವೂ ಕಾರಣವನ್ನು ಅವಲಂಬಿಸಿದೆಯೆಂದು ಆಲ್ಫೇನಸನು ಉತ್ತರಿಸಿದನು. ಆಳುಗಳು ತಾವಾಗಿಯೇ ಕೈಬಿಟ್ಟಿದ್ದರೆ ಅವರ ಮೇಲೆ; ಹೇಸರಗತ್ತೆಗಳು ಬೆದರಿ, ಆಳುಗಳು ಪ್ರಾಣಭಯದಿಂದ ಬಿಟ್ಟಿದ್ದರೆ ಆ ಪ್ರಾಣಿಗಳ ಒಡೆಯನ ಮೇಲೆ; ಪ್ರಾಣಿಗಳೂ ಆಳುಗಳೂ ನಿರ್ದೋಷಿಗಳಾಗಿ ಭಾರ ತಡೆಯಲಾರದೆ ಹೋಗಿದ್ದರೆ ಇಬ್ಬರ ಮೇಲೂ ಇಲ್ಲ; ಹಿಂದಿನ ಗಾಡಿಯವನ ಮೇಲಂತೂ ಇಲ್ಲವೇ ಇಲ್ಲ. ತರ್ಕವು ನಿರ್ದುಷ್ಟವಾಗಿದೆ. ಆದರೆ ಕೈಬಿಟ್ಟರೋ ಬೆದರಿದರೋ ಎಂಬುದನ್ನು ಹೇಳತಕ್ಕವರು ಯಾರು? ಆ ಆಳುಗಳೇ! ನಮ್ಮ ಮನುವು ಇಂತಹ ಕಡೆ ಹಗ್ಗವನ್ನು ತಂದು ತೋರಿಸು ಎನ್ನುತ್ತಿದ್ದನು.

ಇಂಗ್ಲೆಂಡಿನ ನ್ಯಾಯವು ಮಾತಿನ ವಿಷಯದಲ್ಲಿ ಎರಡು ದಿಕ್ಕುಗಳಲ್ಲಿ ಹೋಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮುಖ್ಯ ನ್ಯಾಯಾಧೀಶನಾಗಿದ್ದ ಹೋಲ್ಟನು, ಪೆಟ್ಟು ಬಿದ್ದ ಮರುಕ್ಷಣ, ತನಗೆ ಅನುಕೂಲವಾಗುವಂತೆ ಏನನ್ನೂ ಕಲ್ಪಿಸಿಕೊಳ್ಳಲು ವ್ಯವಧಾನವಾಗುವುದಕ್ಕೆ ಮುಂಚೆ ಆಡಿದ ಮಾತನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದನು. ಇದೇ ತತ್ತ್ವವು 1872ರ ಭಾರತ ಸಾಕ್ಷ್ಯ ಶಾಸನದ ಆರನೆಯ ಕಲಮಿನಲ್ಲಿ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ನಾಲ್ಕನೆಯ ಕಲಮಾಗಿ ಉಳಿದಿದೆ. “ಅಪೇಹಿ” ಎಂಬ ಕೂಗಿನ ದೂರದ ದಾಯಾದಿಯೆಂದು ಇದನ್ನು ಕರೆಯಬಹುದು.

ಇನ್ನೊಂದು ದಿಕ್ಕು ಅಷ್ಟು ಹಿತಕರವಾದುದಲ್ಲ. 1809ರಲ್ಲಿ ಡಾರ್ಬಿ ಪಟ್ಟಣದ ಒಂದು ವ್ಯಾಜ್ಯ ತೀರ್ಮಾನವಾಯಿತು. ಮನೆ ರಿಪೇರಿ ಮಾಡಿಸುತ್ತಿದ್ದವನೊಬ್ಬನು ದಾರಿಗೆ ಅಡ್ಡಲಾಗಿ ಗಳು ಇಟ್ಟಿದ್ದನು. ದೀಪ ಹಚ್ಚುವ ಹೊತ್ತಿನಲ್ಲಿ ಕುದುರೆ ಓಡಿಸಿಕೊಂಡು ಬಂದವನು ಅದಕ್ಕೆ ತಗುಲಿ ಬಿದ್ದನು. ಅಷ್ಟು ರಭಸದಿಂದ ಬಾರದಿದ್ದರೆ ನೂರು ಗಜ ದೂರದಿಂದಲೇ ಗಳುವನ್ನು ಕಾಣಬಹುದಾಗಿತ್ತೆಂದು ಒಬ್ಬ ಸಾಕ್ಷಿ ಹೇಳಿದನು. ಸವಾರನಿಗೆ ಏನೂ ಸಿಕ್ಕಲಿಲ್ಲ. ತನ್ನ ಕಡೆಯೂ ಸ್ವಲ್ಪ ಅಜಾಗ್ರತೆಯಿದ್ದರೆ ಇಡೀ ಪರಿಹಾರವೇ ಹೋಗುವುದೆಂಬ ನಿಯಮ ಇದರಿಂದ ಬೇರೂರಿತು. 1842ರ ಇನ್ನೊಂದು ವ್ಯಾಜ್ಯದಲ್ಲಿ, ಮುಂಗಾಲು ಕಟ್ಟಿ ದಾರಿಯಲ್ಲಿ ಬಿಟ್ಟಿದ್ದ ಕತ್ತೆಯ ಮೇಲೆ ಮೂರು ಕುದುರೆಯ ಬಂಡಿ ಹರಿದಾಗ, ಕೊನೆಯ ಗಳಿಗೆಯಲ್ಲಿ ತಪ್ಪಿಸಬಹುದಾಗಿದ್ದವನೇ ಹೊಣೆಯೆಂದು ಹೇಳಿ ನಿಯಮವನ್ನು ತುಸು ಸಡಿಲಿಸಿದರು. ಆದರೂ ನೂರು ವರ್ಷಗಳಿಗೆ ಮೀರಿ, 1945ರ ಶಾಸನವು ನಷ್ಟವನ್ನು ತಪ್ಪಿನ ಪ್ರಮಾಣದಲ್ಲಿ ಹಂಚಬೇಕೆಂದು ಹೇಳುವವರೆಗೆ, ಆ ದೇಶದ ದಾರಿಯಲ್ಲಿ “ನಾನೂ ಸ್ವಲ್ಪ ಬೇಗ ಬಂದೆ” ಎಂದು ನಿಜ ನುಡಿದವನು ಎಲ್ಲವನ್ನೂ ಕಳೆದುಕೊಳ್ಳಬೇಕಾಗಿತ್ತು. ಸತ್ಯಕ್ಕೆ ಇಷ್ಟು ಬೆಲೆ ಕಟ್ಟಿದ ಮೇಲೆ ಜನರು ಸುಳ್ಳು ಕಲಿತರೆಂದು ಮೂಗು ಮುರಿಯುವುದು ನ್ಯಾಯವಲ್ಲ.

ಮೋಟಾರು ಬಂದುದು ಇಂತಹ ಕಾಲದಲ್ಲಿ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ತೋಟದಲ್ಲಿ ಜನರಿಗೆ ಪ್ರದರ್ಶನಕ್ಕಾಗಿ ಓಡಿಸುತ್ತಿದ್ದ ಮೋಟಾರುಗಾಡಿಯೊಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ 44 ವರ್ಷದ ಗೃಹಿಣಿಗೆ ತಗುಲಿ ಆಕೆ ತೀರಿಕೊಂಡಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಸಿಕ್ಕಿ ಸತ್ತ ಪಾದಚಾರಿಗಳಲ್ಲಿ ಆಕೆಯೇ ಮೊದಲಿಗಳು. ಇದು ಸಣ್ಣ ಡಿಕ್ಕಿಯಲ್ಲ. ಆದರೆ ದೀಪ ಒಡೆದ ಜಗಳಗಳ ವಿಚಾರಣೆಯನ್ನು ಯಾರೂ ಬರೆದಿಡುವುದಿಲ್ಲವಾದುದರಿಂದ, ಮಾತಿಗೆ ಮಾತು ಹೇಗೆ ಇದಿರಾಗುತ್ತದೆಂದು ತಿಳಿಯಲು ಇದನ್ನೇ ನೋಡಬೇಕಾಗಿದೆ. ಓಡಿಸುತ್ತಿದ್ದ ಆರ್ಥರ್ ಎಡ್ಸಾಲ್ ಎಂಬ ತರುಣನು, ತಾನು ಗಂಟೆಗೆ 4 ಮೈಲಿ ವೇಗದಲ್ಲಿದ್ದೆನೆಂದೂ, ಗಂಟೆ ಬಾರಿಸಿ “ಹಿಂದೆ ಸರಿಯಿರಿ” ಎಂದು ಕೂಗಿದೆನೆಂದೂ ಹೇಳಿದನು. ಕಂಡವನೊಬ್ಬನು ಗಾಡಿಯು ಬೆಂಕಿಯಾರಿಸುವ ಬಂಡಿಯಂತೆ ನುಗ್ಗಿ ಬಂತೆಂದನು. ಅದೇ ಗಾಡಿಯಲ್ಲಿ ಕುಳಿತಿದ್ದ ಹೆಂಗಸೊಬ್ಬಳು, ವೇಗ ಹೆಚ್ಚಲೆಂದು ಅವನು ಯಂತ್ರದಲ್ಲಿ ಏನನ್ನೋ ಬದಲಾಯಿಸಿದ್ದನೆಂದಳು. ಕೊನೆಗೆ ಇನ್ನೊಬ್ಬ ಮೋಟಾರು ಚಾಲಕನು ಗಾಡಿಯನ್ನೇ ಪರೀಕ್ಷಿಸಿ, ಅದಕ್ಕೆ ಹಾಕಿದ್ದ ಕಡಿಮೆ ವೇಗದ ಪಟ್ಟಿಯಲ್ಲಿ ಅದು ಗಂಟೆಗೆ ನಾಲ್ಕೂವರೆ ಮೈಲಿಗಿಂತ ಹೆಚ್ಚು ಓಡಲಾರದೆಂದನು. ಜೂರಿಯವರು ಅದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿದರು. ಇಂತಹುದು ಮತ್ತೆಂದೂ ನಡೆಯದಿರಲೆಂದು ವಿಚಾರಣಾಧಿಕಾರಿಯು ಆಶಿಸಿದನು.

ಮನುವಿನ ಹತ್ತು ಸಂದರ್ಭಗಳನ್ನು ಬಲ್ಲವರಿಗೆ ಈ ವಿಚಾರಣೆಯನ್ನು ಓದುವಾಗ ವಿಸ್ಮಯವಾಗದಿರದು. ಹತ್ತನೆಯ ಸಂದರ್ಭವಾದ ಕೂಗು ಇಲ್ಲಿದೆ. ಕಂಡವರ ಮಾತು ಕಂಡವರ ಮಾತಿಗೆ ವಿರುದ್ಧವಾಗಿದೆ. ಕುಳಿತವಳೇ ಓಡಿಸಿದವನ ವಿರುದ್ಧ ನಿಂತಿದ್ದಾಳೆ. ಕೊನೆಗೆ ತೊಗಲಿನ ಮಿಣಿಗೆ ಬದಲಾಗಿ ಯಂತ್ರದ ಪಟ್ಟಿಯನ್ನು ಪರೀಕ್ಷಿಸಿದ್ದಾರೆ. ಆ ಪರೀಕ್ಷೆ ನಿಜಕ್ಕೂ ಸರಿಯಾಗಿತ್ತೇ, ಡಿಕ್ಕಿಯ ಗಳಿಗೆಯಲ್ಲಿಯೂ ಅದೇ ಪಟ್ಟಿಯಿತ್ತೇ ಎಂಬ ಸಂಶಯ ನನಗುಂಟು. ಆದರೆ ನ್ಯಾಯವು ಹಿಡಿದ ದಾರಿಯು ಹಳೆಯ ದಾರಿಯೇ ಸರಿ. ಅದೇ ವರ್ಷದ ನವೆಂಬರಿನಿಂದ ಅಲ್ಲಿ ಇನ್ನೂ ಹೆಚ್ಚಿನ ವೇಗಕ್ಕೆ ಅನುಮತಿ ದೊರೆಯಿತು.

1903ರಲ್ಲಿ ಬ್ರಿಟನ್ನಿನಲ್ಲಿ ಬಂದ ಮೋಟಾರ್ ಕಾರ್ ಶಾಸನವು ಗಾಡಿಗೆಲ್ಲ ನಂಬರಿನ ಪಟ್ಟಿಯನ್ನು ಕಡ್ಡಾಯ ಮಾಡಿತು. ಡಿಕ್ಕಿಯಾದರೆ ನಿಲ್ಲಿಸಬೇಕು, ಕೇಳಿದರೆ ತನ್ನ ಮತ್ತು ಒಡೆಯನ ಹೆಸರು ವಿಳಾಸಗಳನ್ನು, ಗಾಡಿಯ ನಂಬರನ್ನು ಕೊಡಬೇಕೆಂದು ವಿಧಿಸಿತು. ಹೆಸರು ಸುಳ್ಳಾದರೂ ನಂಬರು ಉಳಿಯುವುದೆಂಬುದು ಅಭಿಪ್ರಾಯ. ನಮ್ಮ 1988ರ ಶಾಸನದಲ್ಲಿಯೂ, ಪೆಟ್ಟಾಗಲಿ ಇತರರ ಸ್ವತ್ತಿಗೆ ನಷ್ಟವಾಗಲಿ ಆದಾಗ, ಪೋಲೀಸು ಅಧಿಕಾರಿ ಅಲ್ಲಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗನೆ, ಹೆಚ್ಚೆಂದರೆ 24 ಗಂಟೆಯೊಳಗೆ, ಸಂಗತಿಯನ್ನು ತಿಳಿಸಬೇಕೆಂದಿದೆ. ಗಾಯಗೊಂಡವನನ್ನು ವೈದ್ಯರ ಬಳಿಗೆ ಒಯ್ಯುವುದಕ್ಕೆ ಗುಂಪಿನ ಕೋಪವು ಅಡ್ಡಿಯಾದರೆ ಆ ಕರ್ತವ್ಯಕ್ಕೆ ವಿನಾಯಿತಿ ಇದೆ. ಯಾಜ್ಞವಲ್ಕ್ಯನ ‘ಭೀತ’ನನ್ನು ಶಾಸನಕಾರರೂ ಕಂಡಿದ್ದರು.

ಇಷ್ಟಾದರೂ ಮಾತಿನ ಗತಿಯನ್ನು ಹೆಚ್ಚಾಗಿ ಬದಲಾಯಿಸಿದುದು ವಿಮೆ. ಇತರರಿಗಾಗುವ ಹಾನಿಗೆ ವಿಮೆ ಮಾಡಿಸುವುದು ಬ್ರಿಟನ್ನಿನಲ್ಲಿ 1930ರ ಶಾಸನದಿಂದ ಕಡ್ಡಾಯವಾಯಿತು. ನಮ್ಮಲ್ಲಿ 1939ರ ಶಾಸನದ ಆ ಭಾಗವು 1946ರ ಜುಲೈ 1ರಿಂದ ನಡೆವಳಿಗೆ ಬಂತು. ಇದರಿಂದ ಬಡವರಿಗಾದ ಉಪಕಾರ ಸಣ್ಣದಲ್ಲ. ಹಣ ಕೊಡುವವರು ಬೇರೆಯಾದರು. ಆದುದರಿಂದ ಮಾತನಾಡುವ ಅಧಿಕಾರವೂ ಅವರದಾಯಿತು. ವಿಮೆಯ ಪತ್ರದಲ್ಲಿ ಸಣ್ಣಕ್ಷರಗಳ ನಡುವೆ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರನು ತಪ್ಪೊಪ್ಪಿಗೆಯನ್ನಾಗಲಿ ವಾಗ್ದಾನವನ್ನಾಗಲಿ ಹಣವನ್ನಾಗಲಿ ಕೊಡಕೂಡದೆಂಬ ನಿಬಂಧನೆಯಿರುತ್ತದೆ. ಓದಿದವರು ಕಡಮೆ, ಓದಿದವರು ಬಾಯಿ ಬಿಡುವುದಿಲ್ಲ. ನಾಲ್ಕು ಉತ್ತರಗಳಲ್ಲಿ ಮೊದಲನೆಯದಾದ ಸಂಪ್ರತಿಪತ್ತಿಯನ್ನು ಒಪ್ಪಂದದ ಮೂಲಕ ಬಾಯಿಂದ ಕಿತ್ತುಕೊಂಡಂತಾಯಿತು. ಇಂಗ್ಲೆಂಡಿನ ಕಂಪನಿಗಳಲ್ಲಿ ಕೆಲವು ತಮ್ಮತಮ್ಮೊಳಗೆ, ಯಾರ ತಪ್ಪೆಂದು ಕೇಳದೆ ಒಂದೊಂದೂ ತನ್ನ ಗಿರಾಕಿಯ ಗಾಡಿಯನ್ನು ತಾನೇ ರಿಪೇರಿ ಮಾಡಿಸಿಕೊಡುವ ಕರಾರನ್ನು ಮಾಡಿಕೊಂಡವು. ಆಗ ನಿಜಕ್ಕೂ ಸುಳ್ಳಿಗೂ ಒಂದೇ ದರವಾಯಿತು. ಈಚೆಗೆ ಮುಂದಣ ಗಾಜಿಗೆ ಪುಟ್ಟ ಕ್ಯಾಮರಾ ಅಂಟಿಸಿಕೊಂಡು ತಿರುಗುವವರು ಹೆಚ್ಚುತ್ತಿದ್ದಾರೆ. ಅದನ್ನು ನಾನು ಮುರಿದ ಇರುಸಿನ ಸಾಲಿಗೇ ಸೇರಿಸುವೆನು.

ಆದರೆ ಪೆಟ್ಟು ತಿಂದವನು ಕೇಳಬಯಸುವುದು ಯಾವಾಗಲೂ ಹಣದ ಮಾತನ್ನಲ್ಲ. ಮನುವು ‘ಮೂಲ್ಯ’ವೆನ್ನದೆ ‘ತುಷ್ಟಿ’ಯೆಂದುದು ಯೋಚಿಸಿಯೇ ಇರಬೇಕು. ಎದುರಿನವನು ಇಳಿದು ಬಂದು “ನೋವಾಯಿತೇ, ಕ್ಷಮಿಸಿ” ಎಂದರೆ ಅರ್ಧ ಜಗಳ ಅಲ್ಲಿಯೇ ತೀರುವುದನ್ನು ಯಾರು ಕಂಡಿಲ್ಲ? ಆ ಎರಡು ಮಾತುಗಳೂ ನಾಳೆ ತಪ್ಪೊಪ್ಪಿಗೆಯಾಗಿ ತನ್ನ ಕೊರಳಿಗೆ ಬೀಳುವುವೆಂಬ ಭಯದಿಂದ, ಒಳ್ಳೆಯವನೂ ಗಾಜನ್ನು ಏರಿಸಿಕೊಂಡು ಒಳಗೇ ಕುಳಿತುಕೊಳ್ಳುವಂತಾಯಿತು. ಈ ಕೇಡು ಪಾಶ್ಚಾತ್ಯರಿಗೆ ತಡವಾಗಿಯಾದರೂ ಅರಿವಾಯಿತು. 2006ರಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದವರು ಕ್ಷಮಾಪಣೆಯನ್ನು ಕುರಿತೇ ಒಂದು ಪ್ರತ್ಯೇಕ ಶಾಸನವನ್ನು ಮಾಡಿದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಒಪ್ಪಿದ ಪರಿಹಾರ ಶಾಸನದ ಎರಡನೆಯ ಕಲಮಿನಲ್ಲಿ, ಕ್ಷಮೆ ಕೇಳಿದ ಮಾತ್ರಕ್ಕೆ, ಚಿಕಿತ್ಸೆಗೋ ಬೇರೆ ಪರಿಹಾರಕ್ಕೋ ಮುಂದಾದ ಮಾತ್ರಕ್ಕೆ, ಅಜಾಗ್ರತೆಯನ್ನು ಒಪ್ಪಿಕೊಂಡಂತಾಗುವುದಿಲ್ಲವೆಂದು ವಿಧಿಸಿದರು. ಆ ಕಲಮು ಒಂದೇ ವಾಕ್ಯದ್ದು.